ಬಣ್ಣದ ನೀರಿಗೆ ಯಾವ ಕಪ್ಪು ಪುಡಿ? ಲೋಹ ಬೆರೆಸಿದ ಮ್ಯಾಂಗನೀಸ್ ಆಕ್ಸೈಡ್‌ಗಳನ್ನು ಆರಿಸುವ ಬಗೆ

ಬಾಗಲಕೋಟೆಯಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನ ಬಳಿಗೆ ಎಂ.ಎಸ್ಸಿ. ಪ್ರಾಜೆಕ್ಟಿನ ಹೊತ್ತಿಗೆ, ಬಿಸಿಲಿನಲ್ಲಿ ಬಣ್ಣದ ನೀರನ್ನು ತಿಳಿಮಾಡುವ ಪುಡಿಗಳ ಬಗ್ಗೆ, ಪ್ರತಿ ವರ್ಷವೂ ಒಂದೇ ಪ್ರಶ್ನೆ ಬರುತ್ತದೆ: ‘ಸರ್, ಮ್ಯಾಂಗನೀಸ್ ಆಕ್ಸೈಡಿಗೆ ಯಾವ ಲೋಹ ಬೆರೆಸಲಿ? ತಾಮ್ರವೋ, ಬೆಳ್ಳಿಯೋ, ಕೋಬಾಲ್ಟೋ?’ ಕೇಳುವವರ ಕೈಯಲ್ಲಿ ಸಂಶೋಧನಾ ಲೇಖನಗಳ ಕಟ್ಟೇ ಇರುತ್ತದೆ. ಒಂದರಲ್ಲಿ ತಾಮ್ರ ಗೆದ್ದಿರುತ್ತದೆ, ಇನ್ನೊಂದರಲ್ಲಿ ಬೆಳ್ಳಿ, ಮತ್ತೊಂದರಲ್ಲಿ ಕಬ್ಬಿಣ. ಬಹುಪಾಲು ಎಲ್ಲದರಲ್ಲೂ ಪರೀಕ್ಷೆಗೆ ಒಡ್ಡಿದ ಮಲಿನಕಾರಿ ಒಂದೇ, ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದ ಮಿಥಿಲೀನ್ ನೀಲಿ. ನಾನು ತಿರುಗಿ ಕೇಳುವುದು ಒಂದೇ ಮಾತು: ಯಾವ ನೀರಿಗೆ?

ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಪುಸ್ತಕದ ಪ್ರಶ್ನೆಯಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ರಬಕವಿ-ಬನಹಟ್ಟಿಯ ಮಗ್ಗಗಳ ಬಟ್ಟೆ, ಇವೆಲ್ಲಕ್ಕೂ ನೂಲಿಗೆ ಬಣ್ಣ ಹಾಕುವವರು ಇದ್ದಾರೆ. ಹೆಚ್ಚಿನವು ಮನೆಯ ಹಿಂದಿನ ಸಣ್ಣ ಬಣ್ಣದ ಕೆಲಸಗಳು. ಹಂಡೆಯಿಂದ ತೆಗೆದ ಲಡಿಗಳನ್ನು ಎರಡು ಮೂರು ಸಲ ತೊಳೆದ ಮೇಲೆ ಉಳಿಯುವ ನೀರು ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಹೊಲಕ್ಕೋ ಹೊಳೆಗೋ ಹೋಗುತ್ತದೆ. ದೊಡ್ಡ ಶುದ್ಧೀಕರಣ ಘಟಕ ಕಟ್ಟುವ ಶಕ್ತಿ ಇವರಿಗಿಲ್ಲ. ನಮ್ಮಲ್ಲಿ ಬಿಸಿಲಿಗೆ ಮಾತ್ರ ಬರವಿಲ್ಲ. ವರ್ಷದ ಸರಾಸರಿಯಲ್ಲಿ ಪ್ರತಿ ಚದರ ಮೀಟರಿಗೆ ದಿನಕ್ಕೆ 5ರಿಂದ 6 ಕಿಲೋವ್ಯಾಟ್ ಗಂಟೆಯಷ್ಟು ಶಕ್ತಿ ನಮ್ಮ ಮಾಳಿಗೆಗಳ ಮೇಲೆ ಸುರಿಯುತ್ತದೆ. ಆ ಬಿಸಿಲನ್ನು ಬಳಸಿ ಬಣ್ಣವನ್ನು ಒಡೆಯುವ ಪುಡಿಯೊಂದು ಸಿಕ್ಕರೆ ಎಂಬ ಆಸೆ ಸಹಜ. ಹತ್ತಾರು ಪುಡಿಗಳ ನಡುವೆ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಎರಡು ಕ್ಯಾನು ನೀರು ಕಲಿಸಿದ್ದು

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ಬಣ್ಣದ ಕೆಲಸವೊಂದರಿಂದ ಎರಡು ಕ್ಯಾನು ನೀರು ತಂದಳು. ಒಂದರಲ್ಲಿ ಕೆಂಪು ರಿಯಾಕ್ಟಿವ್ ಬಣ್ಣದ (ಹತ್ತಿಯ ನೂಲಿಗೆ ರಾಸಾಯನಿಕವಾಗಿ ಕಚ್ಚಿಕೊಳ್ಳುವ ಬಣ್ಣ) ತೊಳೆದ ನೀರು. ಇನ್ನೊಂದು ಬಹುತೇಕ ಬಣ್ಣವಿಲ್ಲದ್ದು. ಛಾಯೆ ಕೆಟ್ಟ ಲಡಿಗಳಿಂದ ಬಣ್ಣ ಕಳೆಯಲು ಬಳಸಿದ ಹಂಡೆಯ ನೀರು. ಎರಡೂ ಕೊನೆಗೆ ಒಂದೇ ಗುಂಡಿಗೆ ಹೋಗುತ್ತವಲ್ಲ ಎಂದು ಅವಳು ಬೆರೆಸಿದಳು, ಆಮ್ಲ ಹಾಕಿ ಪಿಎಚ್ 6ಕ್ಕೆ ತಂದಳು. ಗಂಧಕ ಸುಟ್ಟಂತಹ ಘಾಟು ಬಂದಿತು. ಅದರ ಕಡೆ ನಾವಿಬ್ಬರೂ ಗಮನ ಕೊಡಲಿಲ್ಲ. ತಾಮ್ರ ಬೆರೆಸಿದ ಮ್ಯಾಂಗನೀಸ್ ಡೈಆಕ್ಸೈಡನ್ನು ಲೀಟರಿಗೆ ಒಂದು ಗ್ರಾಂನಂತೆ ಹಾಕಿ, ಸ್ಟೀಲಿನ ತಟ್ಟೆಯಲ್ಲಿ ಮಾಳಿಗೆಯ ಮೇಲೆ ಇಟ್ಟೆವು.

ಅರ್ಧ ಗಂಟೆಗೆ ನೀರು ತಿಳಿಯಾಗಿತ್ತು. ಇಂತಹ ಫಲಿತಾಂಶ ಅದುವರೆಗೆ ನಮಗೆ ಸಿಕ್ಕಿರಲಿಲ್ಲ. ಸಂತೋಷದಿಂದ ಸೋಸಲು ಹೋದಾಗ ಸೋಸುಕಾಗದದ ಮೇಲೆ ಉಳಿದದ್ದು ತೆಳ್ಳನೆಯ ಕಂದು ಕಲೆ ಮಾತ್ರ. ಹಾಕಿದ ಕಪ್ಪು ಪುಡಿ ಎಲ್ಲಿ? ಸೋಸಿದ ನೀರಿಗೆ ನೈಟ್ರಿಕ್ ಆಮ್ಲ ಹಾಕಿ ಚೆನ್ನಾಗಿ ಕುದಿಸಿ, ಪೆರಿಯೋಡೇಟ್ ಸೇರಿಸಿ ಮತ್ತೆ ಕಾಯಿಸಿದೆವು. ನೋಡುತ್ತಿದ್ದಂತೆ ದ್ರಾವಣ ದಟ್ಟ ನೇರಳೆಯಾಯಿತು. ಅದು ಪರ್ಮಾಂಗನೇಟಿನ ಬಣ್ಣ. ನಮ್ಮ ಪುಡಿ ನೀರಿನಲ್ಲೇ ಕರಗಿಹೋಗಿತ್ತು.

ಕರಗಿಸಿದ್ದು ಹೈಡ್ರೋಸ್. ಬಣ್ಣ ಕಳೆಯಲೂ, ನೀರಿನಲ್ಲಿ ತಾವಾಗಿ ಕರಗದ ವ್ಯಾಟ್ ಬಣ್ಣಗಳನ್ನು ಕರಗಿಸಲೂ ನೂಲಿನ ಬಣ್ಣದವರು ದಿನನಿತ್ಯ ಬಳಸುವ ಸೋಡಿಯಂ ಡೈಥಯೊನೈಟ್ ಅದು. ಅದು ಪ್ರಬಲ ಅಪಕರ್ಷಕ, ಮ್ಯಾಂಗನೀಸ್ ಡೈಆಕ್ಸೈಡ್ ಪ್ರಬಲ ಉತ್ಕರ್ಷಕ. ಎರಡೂ ಎದುರಾದರೆ ಮ್ಯಾಂಗನೀಸ್ ನಾಲ್ಕರ ಉತ್ಕರ್ಷಣ ಸ್ಥಿತಿಯಿಂದ ಎರಡಕ್ಕೆ ಇಳಿದು ನೀರಿನಲ್ಲಿ ಕರಗುತ್ತದೆ. ಬಣ್ಣವನ್ನು ಕಳೆದದ್ದೂ ಬಿಸಿಲಲ್ಲ, ನಮ್ಮ ಪುಡಿಯಲ್ಲ, ಅದೇ ಹೈಡ್ರೋಸ್. ಅದು ಅಜೋ ಬಣ್ಣದ ನಡುವಿನ ಜೋಡಿ ಸಾರಜನಕದ ಬಂಧವನ್ನು ಕತ್ತರಿಸುತ್ತದೆ. ಕಣ್ಣಿಗೆ ಬಣ್ಣ ಕಾಣುವುದಿಲ್ಲ, ಆದರೆ ಆರೊಮ್ಯಾಟಿಕ್ ಅಮೈನುಗಳು ನೀರಿನಲ್ಲೇ ಇರುತ್ತವೆ. ಬಣ್ಣಕ್ಕಿಂತ ಅವುಗಳ ಬಗ್ಗೆಯೇ ಹೆಚ್ಚು ಭಯಪಡಬೇಕು. ಅಂದಿನ ತಿಳಿನೀರಿನಲ್ಲಿ ಮ್ಯಾಂಗನೀಸ್, ತಾಮ್ರ, ಅಮೈನು ಮೂರೂ ಇದ್ದವು. ಗಟಾರಕ್ಕೆ ಬಿಟ್ಟಿದ್ದರೆ ಮೊದಲಿದ್ದುದಕ್ಕಿಂತ ಕೆಟ್ಟ ನೀರನ್ನು ಬಿಡುತ್ತಿದ್ದೆವು.

ಆದ್ದರಿಂದ ಆಯ್ಕೆಯ ಮೊದಲ ಹೆಜ್ಜೆ ಲೋಹವಲ್ಲ, ನೀರು. ಹೈಡ್ರೋಸ್ ಇರುವ ನೀರನ್ನು ಬೇರೆ ಗುಂಡಿಗೆ ಬಿಡಿಸಿ. ಆ ನೀರಿಗೆ ಮೊದಲು ಗಾಳಿ ಹಾಯಿಸಬೇಕು. ಅಕ್ವೇರಿಯಮ್ಮಿನ ಸಣ್ಣ ಪಂಪೂ ಪ್ರಯೋಗದ ಮಟ್ಟಕ್ಕೆ ಸಾಕು. ಗಾಳಿಯ ಆಮ್ಲಜನಕ ಹೈಡ್ರೋಸನ್ನು ತಿಂದು ಮುಗಿಸಿದ ಮೇಲಷ್ಟೇ ಪುಡಿಯ ಮಾತು.

ರಿಯಾಕ್ಟಿವ್ ಬಣ್ಣದ ನೀರಿನ ತೊಡಕು ಬೇರೆ. ಬಣ್ಣ ಹತ್ತಲು ಛಾಯೆಯ ಗಾಢತೆಗೆ ತಕ್ಕಂತೆ ಲೀಟರಿಗೆ 30ರಿಂದ 80 ಗ್ರಾಂ ಉಪ್ಪು ಹಾಕಿರುತ್ತಾರೆ, ಬಣ್ಣ ಕಚ್ಚಲು ಸೋಡಾ ಪುಡಿ. ತೊಳೆದ ನೀರಿನ ಪಿಎಚ್ 10ರ ಆಚೀಚೆ ಇರುತ್ತದೆ. ಸೋಡಾದ ಕಾರ್ಬೊನೇಟ್, ಅದರ ಜೊತೆಗೆ ನಮ್ಮ ಕೊಳವೆಬಾವಿಯ ಗಡಸು ನೀರಿನ ಬೈಕಾರ್ಬೊನೇಟ್, ಎರಡೂ, ಬೆಳಕು ಬಿದ್ದಾಗ ಪುಡಿಯ ಮೇಲೆ ಹುಟ್ಟಿ ಬಣ್ಣವನ್ನು ಒಡೆಯಬೇಕಾದ ಅತಿ ಚುರುಕಿನ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ನಡುದಾರಿಯಲ್ಲೇ ನುಂಗುತ್ತವೆ. ಬೈಕಾರ್ಬೊನೇಟಿಗಿಂತ ಕಾರ್ಬೊನೇಟ್ 40 ಪಟ್ಟಿಗೂ ಹೆಚ್ಚು ವೇಗವಾಗಿ ನುಂಗುತ್ತದೆ. ಭಟ್ಟಿ ಇಳಿಸಿದ ನೀರಿನಲ್ಲಿ ಗೆದ್ದ ಪುಡಿ ಇಳಕಲ್ಲಿನ ನೀರಿನಲ್ಲಿ ಸುಮ್ಮನೆ ಕುಳಿತುಕೊಳ್ಳಲು ಇದೊಂದೇ ಕಾರಣ ಸಾಕು. ಪಿಎಚ್ ಅನ್ನು 5ರಿಂದ 6ರ ನಡುವೆ ತಂದರೆ ಕಾರ್ಬೊನೇಟಿನ ಬಹುಭಾಗ ಇಂಗಾಲದ ಡೈಆಕ್ಸೈಡಾಗಿ ಹಾರಿಹೋಗುತ್ತದೆ. ಅದಕ್ಕಿಂತ ಕೆಳಗೆ, ವಿಶೇಷವಾಗಿ 4ರ ಕೆಳಗೆ ಇಳಿಸಬೇಡಿ. ಬಣ್ಣದ ಅಣುಗಳೇ ಸಾಕು, ಮ್ಯಾಂಗನೀಸ್ ಕರಗಲು ಶುರುವಾಗುತ್ತದೆ.

ಬೆಳಕು ಎಷ್ಟು, ಪುಡಿಯ ಸ್ವಂತ ಶಕ್ತಿ ಎಷ್ಟು

ಅರೆವಾಹಕದ ಮೇಲೆ ತಕ್ಕಷ್ಟು ಶಕ್ತಿಯ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮೇಲಿನ ಪಟ್ಟಿಗೆ ಜಿಗಿಯುತ್ತದೆ, ಕೆಳಗೆ ರಂಧ್ರ ಉಳಿಯುತ್ತದೆ. ಇವೆರಡೂ ಮತ್ತೆ ಸೇರಿಕೊಳ್ಳುವ ಮೊದಲೇ ಮೇಲ್ಮೈಗೆ ಬಂದರೆ ಆಮ್ಲಜನಕ, ನೀರು, ಬಣ್ಣಗಳೊಂದಿಗೆ ವರ್ತಿಸುತ್ತವೆ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿಟ್ಟು ನೀರನ್ನು ವಿಭಜಿಸಿ ತೋರಿಸಿದ ಮೇಲೆ ಈ ಕ್ಷೇತ್ರ ಬೆಳೆಯಿತು. ಆದರೆ ಟೈಟಾನಿಯಂ ಡೈಆಕ್ಸೈಡಿನ ಅನಟೇಸ್ ರೂಪದ ಪಟ್ಟಿ ಅಂತರ, ಅಂದರೆ ಎಲೆಕ್ಟ್ರಾನ್ ಮೇಲಕ್ಕೆ ಜಿಗಿಯಲು ಬೇಕಾದ ಶಕ್ತಿ, 3.2 ಎಲೆಕ್ಟ್ರಾನ್ ವೋಲ್ಟ್. ಅಂದರೆ 388 ನ್ಯಾನೊಮೀಟರಿಗಿಂತ ಗಿಡ್ಡ ಅಲೆಯ ನೇರಳಾತೀತ ಬೆಳಕೇ ಬೇಕು. ಬಿಸಿಲಿನಲ್ಲಿ ಅದು ಇರುವುದು ಶೇಕಡಾ 4-5 ಮಾತ್ರ.

ಮ್ಯಾಂಗನೀಸ್ ಆಕ್ಸೈಡುಗಳು ಕಪ್ಪು ಅಥವಾ ಕಂದು. ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ಹೀರುತ್ತವೆ. ಲೇಖನಗಳು ಇದನ್ನೇ ದೊಡ್ಡ ಗುಣವೆಂದು ಹೇಳುತ್ತವೆ, ತಪ್ಪೇನಲ್ಲ. ಆದರೆ ಹೀರಿದ ಬೆಳಕೆಲ್ಲ ಕೆಲಸಕ್ಕೆ ಬರುವುದಿಲ್ಲ. ಇವುಗಳಲ್ಲಿ ಎಲೆಕ್ಟ್ರಾನ್ ಮತ್ತು ರಂಧ್ರ ಬಹಳ ಬೇಗ ಮತ್ತೆ ಸೇರಿಕೊಳ್ಳುತ್ತವೆ. ಉಳಿದದ್ದು ಶಾಖವಾಗುತ್ತದೆ. ಲೋಹ ಬೆರೆಸುವುದು, ಅಂದರೆ ಡೋಪಿಂಗ್ ಮಾಡುವುದು, ಈ ಕೂಡಿಕೆಯನ್ನು ತಡೆಯಲಿಕ್ಕೆ: ಹರಳಿನಲ್ಲಿ ಕೆಲವು ಮ್ಯಾಂಗನೀಸ್ ಅಯಾನುಗಳ ಜಾಗದಲ್ಲಿ ಬೇರೆ ಲೋಹವನ್ನು ಕೂರಿಸಿದರೆ ಅದು ಎಲೆಕ್ಟ್ರಾನನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ, ಹರಳಿನಲ್ಲಿ ಆಮ್ಲಜನಕದ ಖಾಲಿ ಜಾಗಗಳನ್ನೂ ಉಂಟುಮಾಡುತ್ತದೆ. ಬೆರಕೆ ಅತಿಯಾದರೆ ಆ ಲೋಹವೇ ಎರಡನ್ನೂ ಕೂಡಿಸುವ ಜಾಗವಾಗುತ್ತದೆ. ಶೇಕಡಾ 1ರಿಂದ 5ರ ಮೋಲ್ ಪ್ರಮಾಣದಲ್ಲಿ ಹುಡುಕುವುದು ಒಳ್ಳೆಯದು.

ಇದರ ಜೊತೆಗೆ ನೆನಪಿಡಬೇಕಾದ ಇನ್ನೊಂದು ಸಂಗತಿ ಇದೆ, ಅದನ್ನು ಲೇಖನಗಳು ಒತ್ತಿ ಹೇಳುವುದಿಲ್ಲ. ಮ್ಯಾಂಗನೀಸ್ ಡೈಆಕ್ಸೈಡ್ ಕತ್ತಲೆಯಲ್ಲೂ ಉತ್ಕರ್ಷಕವೇ. ಆಮ್ಲೀಯ ನೀರಿನಲ್ಲಿ ಅದರ ಉತ್ಕರ್ಷಣ ಬಲ ತೋರಿಸುವ ಪ್ರಮಾಣಕ ವಿಭವ 1.23 ವೋಲ್ಟ್. ಫೀನಾಲು, ಅನಿಲೀನು, ಹಲವು ಬಣ್ಣಗಳನ್ನು ಅದು ಬೆಳಕಿನ ಹಂಗಿಲ್ಲದೆ ಒಡೆಯುತ್ತದೆ, ಒಡೆಯುತ್ತಾ ತಾನೂ ಸವೆಯುತ್ತದೆ. ಆಗ ಅದು ವೇಗವರ್ಧಕವಲ್ಲ, ಖರ್ಚಾಗುವ ಸಾಮಗ್ರಿ. ಕೆಲಸಕ್ಕೆ ಉಪಯೋಗವಾದರೆ ಅದೂ ಸರಿಯೇ. ಆದರೆ ಏನು ನಡೆಯುತ್ತಿದೆ ಎಂದು ತಿಳಿದಿರಬೇಕು.

ಯಾವ ಆಕ್ಸೈಡ್

ಲೋಹಕ್ಕಿಂತ ಮೊದಲು ಮೂಲ ಹರಳನ್ನು ಆರಿಸಬೇಕು. ನನ್ನ ಅನುಭವದಲ್ಲಿ ಫಲಿತಾಂಶದ ದೊಡ್ಡ ಪಾಲು ಇಲ್ಲಿಯೇ ತೀರ್ಮಾನವಾಗುತ್ತದೆ.

ಮ್ಯಾಂಗನೀಸ್ ಡೈಆಕ್ಸೈಡಿನ ಆಲ್ಫಾ ರೂಪದಲ್ಲಿ ಎರಡು-ಎರಡು ಅಷ್ಟಫಲಕಗಳ (ಒಂದು ಮ್ಯಾಂಗನೀಸಿನ ಸುತ್ತ ಆರು ಆಮ್ಲಜನಕ) ಅಗಲದ ಸುರಂಗಗಳಿವೆ, ಸುಮಾರು 4.6 ಆಂಗ್‌ಸ್ಟ್ರಾಂ. ಒಳಗೆ ಪೊಟ್ಯಾಸಿಯಂ ಅಯಾನು ಕುಳಿತು ಸುರಂಗ ಕುಸಿಯದಂತೆ ಕಾಯುತ್ತದೆ. ಬಣ್ಣದ ಅಣುಗಳು ಇದರೊಳಗೆ ಹೋಗುವಷ್ಟು ಚಿಕ್ಕವಲ್ಲ. ಆದರೂ ನೂಲಿನೆಳೆಯಂತೆ ಬೆಳೆಯುವ ಇದರ ಹರಳಿನ ಮೇಲ್ಮೈಯಲ್ಲಿ ಆಮ್ಲಜನಕ ಸುಲಭವಾಗಿ ಬಂದು ಹೋಗುತ್ತದೆ. ಸೋಸಲು, ಮರಳಿಗೆ ಅಂಟಿಸಲು ಅನುಕೂಲ. ಬೀಟಾ ರೂಪ, ಅಂದರೆ ಗಣಿಯಲ್ಲಿ ಸಿಗುವ ಪೈರೊಲುಸೈಟ್, ಅತ್ಯಂತ ಸ್ಥಿರ, ಅಷ್ಟೇ ಮಂದ. ಸುರಂಗ ಇಕ್ಕಟ್ಟು, ಮೇಲ್ಮೈ ಕಡಿಮೆ. ಸಂಡೂರಿನ ಅದಿರು ತಂದು ಅರೆದು ಬಳಸಬಹುದೇ ಎಂದು ಕೇಳುವವರಿದ್ದಾರೆ. ಬಣ್ಣದ ನೀರಿಗೆ ಅದರಿಂದ ಹೆಚ್ಚು ನಿರೀಕ್ಷಿಸಬೇಡಿ. ಗ್ಯಾಮಾ ಇವೆರಡರ ನಡುವಿನದು, ಬ್ಯಾಟರಿಗೆ ಒಳ್ಳೆಯದು.

ಡೆಲ್ಟಾ ರೂಪ ಪದರ ಪದರ, ಪದರಗಳ ನಡುವೆ ಸುಮಾರು 7 ಆಂಗ್‌ಸ್ಟ್ರಾಂ ಅಂತರ, ನಡುವೆ ನೀರು ಮತ್ತು ಪೊಟ್ಯಾಸಿಯಂ. ಮೇಲ್ಮೈಯ ಋಣ ಆವೇಶ ಬಹಳ ಹೆಚ್ಚು. ಮಿಥಿಲೀನ್ ನೀಲಿ ಧನ ಆವೇಶದ ಬಣ್ಣವಾದ್ದರಿಂದ ಇದಕ್ಕೆ ಅಯಸ್ಕಾಂತದಂತೆ ಅಂಟಿಕೊಳ್ಳುತ್ತದೆ. ನಮ್ಮ ರಿಯಾಕ್ಟಿವ್ ಬಣ್ಣಗಳು ಸಲ್ಫೊನೇಟ್ ಗುಂಪುಗಳಿರುವ ಋಣ ಆವೇಶದವು. ಅವು ಇದರಿಂದ ದೂರ ಸರಿಯುತ್ತವೆ. ಮಿಥಿಲೀನ್ ನೀಲಿಯ ಸಂಖ್ಯೆ ನೋಡಿ ಡೆಲ್ಟಾ ಆರಿಸಿದವರು ಇಲ್ಲೇ ಎಡವುತ್ತಾರೆ.

ಮೂರು ಮ್ಯಾಂಗನೀಸಿಗೆ ನಾಲ್ಕು ಆಮ್ಲಜನಕವಿರುವ ಹೌಸ್‌ಮನೈಟನ್ನು ಕಂದು ಬಣ್ಣದಿಂದಲೇ ಗುರುತಿಸಬಹುದು. ತಯಾರಿಸುವುದು ಸುಲಭ, ಬೇರೆ ಲೋಹಗಳನ್ನು ಧಾರಾಳವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಇದರಲ್ಲಿ ಎರಡರ ಸ್ಥಿತಿಯ ಮ್ಯಾಂಗನೀಸ್ ಮೊದಲೇ ಇರುವುದರಿಂದ ಆಮ್ಲೀಯ ನೀರಿನಲ್ಲಿ ಸೋರಿಕೆ ಹೆಚ್ಚು. ಕ್ಷಾರೀಯ ನೀರಿಗೆ ಮಾತ್ರ ಯೋಚಿಸಬಹುದು.

ನೂಲಿನ ಬಣ್ಣದ ನೀರಿಗೆ ನನ್ನ ಆಯ್ಕೆ ಆಲ್ಫಾ.

ಯಾವ ಲೋಹ

ಕಬ್ಬಿಣದಿಂದ ಶುರುಮಾಡುತ್ತೇನೆ, ಏಕೆಂದರೆ ಬೇರೆ ಯಾವುದೇ ಲೋಹ ತನ್ನ ಅರ್ಹತೆಯನ್ನು ಕಬ್ಬಿಣದ ಎದುರು ಸಾಬೀತುಮಾಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೂರರ ಸ್ಥಿತಿಯ ಕಬ್ಬಿಣದ ಅಯಾನಿನ ತ್ರಿಜ್ಯ 64.5 ಪಿಕೊಮೀಟರ್, ಮೂರರ ಸ್ಥಿತಿಯ ಮ್ಯಾಂಗನೀಸಿನದೂ ಅಷ್ಟೇ, ನಾಲ್ಕರದು 53. ಹೀಗಾಗಿ ಹರಳನ್ನು ಕೆಡಿಸದೆ ಒಳಗೆ ಕೂರುತ್ತದೆ. ಮೂರು ಮತ್ತು ಎರಡರ ಸ್ಥಿತಿಗಳ ನಡುವೆ ಓಡಾಡುತ್ತಾ ಎಲೆಕ್ಟ್ರಾನುಗಳನ್ನು ಹಿಡಿದು ಬಿಡುತ್ತದೆ. ಸೋರಿದರೂ ವಿಷವಲ್ಲ. ಬೆಲೆ ಅಗ್ಗ. ಅತಿಯಾಗಿ ಬೆರೆಸಿದರೆ ಕಬ್ಬಿಣದ ಆಕ್ಸೈಡ್ ಬೇರೆಯಾಗಿ ನಿಲ್ಲುತ್ತದೆ, ಹರಳಿನ ರಚನೆ ತಿಳಿಸುವ ಎಕ್ಸ್-ರೇ ವಿವರ್ತನೆಯಲ್ಲಿ ಅದರ ಗೆರೆಗಳು ಕಾಣುತ್ತವೆ. ಕಬ್ಬಿಣವಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಫೆಂಟನ್ ಕ್ರಿಯೆ (ಕಬ್ಬಿಣವು ಪೆರಾಕ್ಸೈಡನ್ನು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುವುದು) ನಡೆಸಬಹುದಲ್ಲವೇ ಎಂದು ಕೇಳುತ್ತಾರೆ. ಮ್ಯಾಂಗನೀಸ್ ಡೈಆಕ್ಸೈಡ್ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆದುಹಾಕುತ್ತದೆ. ಪಿಯು ಪ್ರಯೋಗಾಲಯದಲ್ಲಿ ಬುಸಬುಸನೆ ನೊರೆ ಬರುವುದನ್ನು ನೀವೆಲ್ಲ ನೋಡಿದ್ದೀರಿ. ಪೆರಾಕ್ಸೈಡಿನ ಹೆಚ್ಚಿನ ಪಾಲು ಆ ನೊರೆಯಲ್ಲೇ ವ್ಯರ್ಥ. ಜೊತೆಗೆ ಫೆಂಟನ್ ಕ್ರಿಯೆ ಚೆನ್ನಾಗಿ ನಡೆಯುವುದು ಪಿಎಚ್ 3ರ ಹತ್ತಿರ, ಅಲ್ಲಿ ನಮ್ಮ ಪುಡಿ ಉಳಿಯುವುದಿಲ್ಲ.

ತಾಮ್ರ ಎರಡನೆಯದು. ಎಲೆಕ್ಟ್ರಾನ್ ಹಿಡಿಯುವುದರಲ್ಲಿ ಕಬ್ಬಿಣಕ್ಕಿಂತ ಚುರುಕು, ಕಾಗದದ ಮೇಲಿನ ಸಂಖ್ಯೆಗಳೂ ಚೆನ್ನಾಗಿ ಬರುತ್ತವೆ. ಆದರೆ ಎರಡರ ಸ್ಥಿತಿಯ ತಾಮ್ರದ ತ್ರಿಜ್ಯ 73 ಪಿಕೊಮೀಟರ್. ಒಳಗೆ ಕೂರುವುದಕ್ಕಿಂತ ಮೇಲೆ ತಾಮ್ರದ ಆಕ್ಸೈಡಾಗಿ ಅಂಟಿಕೊಳ್ಳುವುದೇ ಸುಲಭ, ಹಾಗೆ ಅಂಟಿದ್ದು ಆಮ್ಲೀಯ ನೀರಿನಲ್ಲಿ ಬೇಗ ಬಿಡುತ್ತದೆ. ಹೊರಬಿಡುವ ನೀರಿನಲ್ಲಿ ತಾಮ್ರ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು ಎಂಬುದು ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿ. ಆದರೆ ಮೀನು ಮತ್ತು ಪಾಚಿಗೆ ಅದಕ್ಕಿಂತ ಬಹಳ ಕಡಿಮೆ ತಾಮ್ರವೂ ವಿಷ. ಘಟಪ್ರಭೆಗೆ ಸೇರುವ ಹಳ್ಳದ ದಡದಲ್ಲಿ ನಿಂತು ಇದನ್ನು ಯೋಚಿಸಿ. ಪುಡಿಯನ್ನು ಗಟ್ಟಿಯಾಗಿ ಹಿಡಿದಿಟ್ಟು, ಸೋರಿಕೆಯನ್ನು ಅಳೆಯಬಲ್ಲವರು ಮಾತ್ರ ತಾಮ್ರದ ಕಡೆ ಹೋಗಲಿ.

ಕೋಬಾಲ್ಟ್ ಒಂದು ಕೆಲಸದಲ್ಲಿ ಎಲ್ಲರಿಗಿಂತ ಮುಂದು. ಪೆರಾಕ್ಸಿಮೊನೊಸಲ್ಫೇಟ್ ಎಂಬ ಲವಣವನ್ನು ಒಡೆದು ಸಲ್ಫೇಟ್ ರ‍್ಯಾಡಿಕಲ್ ಹುಟ್ಟಿಸುವುದರಲ್ಲಿ ಅದನ್ನು ಮೀರಿಸಿದ ಲೋಹವಿಲ್ಲ. ಔಷಧದ ಉಳಿಕೆಗಳಂತಹ ಹಟಮಾರಿ ವಸ್ತುಗಳನ್ನು ಪ್ರಯೋಗಾಲಯದಲ್ಲಿ ಒಡೆದು ಅಧ್ಯಯನ ಮಾಡುವವರಿಗೆ ಒಳ್ಳೆಯ ವಿಷಯ. ಹೊರಗಿನ ನೀರಿಗೆ ಬೇಡ. ಕರಗುವ ಕೋಬಾಲ್ಟ್ ಲವಣಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಹೆಚ್ಚಿರುವ ಗುಂಪಿಗೆ ಸೇರಿಸಿದೆ. ನಿಕ್ಕಲ್ ಸಂಯುಕ್ತಗಳು ಕ್ಯಾನ್ಸರ್ ತರುವುದು ಖಚಿತವೆಂದು ಅದೇ ಸಂಸ್ಥೆ ಹೇಳಿರುವ ಮೊದಲ ಗುಂಪಿನಲ್ಲೇ ಇವೆ. ನಿಕ್ಕಲನ್ನು ಈ ಕೆಲಸಕ್ಕೆ ತರುವ ಅಗತ್ಯವೇ ನನಗೆ ಕಂಡಿಲ್ಲ.

ಬೆಳ್ಳಿಯ ಮೋಹ ವಿದ್ಯಾರ್ಥಿಗಳಲ್ಲಿ ಹೆಚ್ಚು. ಬೆಳ್ಳಿಯ ಅಯಾನು 115 ಪಿಕೊಮೀಟರ್. ಮ್ಯಾಂಗನೀಸಿನ ಜಾಗದಲ್ಲಿ ಕೂರಲಾರದು. ಆಲ್ಫಾದ ಸುರಂಗದಲ್ಲಿ ಪೊಟ್ಯಾಸಿಯಂ ಬದಲಿಗೆ ಕೂರಬಹುದು, ಇಲ್ಲವೇ ಲೋಹದ ಸೂಕ್ಷ್ಮ ಕಣಗಳಾಗಿ ಮೇಲೆ ನಿಲ್ಲಬಹುದು. ‘ಬೆಳ್ಳಿ ಡೋಪ್ ಮಾಡಿದ’ ಎಂದು ಬರೆದಿರುವ ಪುಡಿಯ ವಿವರ್ತನೆಯ ಚಿತ್ರದಲ್ಲಿ 38.1 ಡಿಗ್ರಿಯ ಬಳಿ ಗೆರೆಯಿದ್ದರೆ ಅದು ಲೋಹದ ಬೆಳ್ಳಿ, ಬೆರಕೆಯಲ್ಲ. ಲೀಟರಿಗೆ ಐವತ್ತು ಗ್ರಾಂ ಉಪ್ಪಿರುವ ರಿಯಾಕ್ಟಿವ್ ಬಣ್ಣದ ನೀರಿನಲ್ಲಿ ಬಿಡಿಯಾದ ಬೆಳ್ಳಿಯೆಲ್ಲ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಅಷ್ಟು ಹಣ ಸುರಿದು ಅದನ್ನು ಪಡೆಯುವುದರಲ್ಲಿ ಅರ್ಥವಿಲ್ಲ. ಉಪ್ಪಿಲ್ಲದ ನೀರಿನಲ್ಲಿ ರೋಗಾಣು ಕೊಲ್ಲುವ ಉದ್ದೇಶವಿದ್ದರೆ ಬೇರೆ ಮಾತು.

ಸೀರಿಯಂ ಬಗ್ಗೆ ನನಗೆ ಒಲವಿದೆ. ಮೂರು ಮತ್ತು ನಾಲ್ಕರ ಸ್ಥಿತಿಗಳ ನಡುವೆ ಸಲೀಸಾಗಿ ಓಡಾಡುತ್ತದೆ, ಆಮ್ಲಜನಕವನ್ನು ಕೂಡಿಟ್ಟು ಕೊಡುತ್ತದೆ. ಆದರೆ ನಾಲ್ಕರ ಸ್ಥಿತಿಯಲ್ಲೂ ಅದರ ತ್ರಿಜ್ಯ 87. ಹೆಚ್ಚಿನದು ಸೀರಿಯಂ ಆಕ್ಸೈಡಾಗಿ ಹೊರಗೇ ಉಳಿಯುತ್ತದೆ. ಅದರ ಮುಖ್ಯ ಗೆರೆ 28.5 ಡಿಗ್ರಿ, ಆಲ್ಫಾದ ಒಂದು ಗೆರೆ 28.8. ಎರಡೂ ಒಂದರ ಮೇಲೊಂದು ಬೀಳುವುದರಿಂದ ಒಳಗೆ ಸೇರಿದೆ ಎಂಬ ಭ್ರಮೆಗೆ ಅವಕಾಶವಿದೆ. ಸತುವು ತನ್ನ ಸ್ಥಿತಿ ಬದಲಿಸುವುದಿಲ್ಲ, ಹಾಗಾಗಿ ಹೆಚ್ಚೇನೂ ಮಾಡುವುದಿಲ್ಲ.

ಕ್ರೋಮಿಯಂ ಮಾತ್ರ ಯಾವ ಕಾರಣಕ್ಕೂ ಬೇಡ. ಮ್ಯಾಂಗನೀಸ್ ಆಕ್ಸೈಡುಗಳು ಮೂರರ ಸ್ಥಿತಿಯ ಕ್ರೋಮಿಯಮ್ಮನ್ನು ವಿಷಕಾರಿಯಾದ ಆರರ ಸ್ಥಿತಿಗೆ ಏರಿಸುತ್ತವೆ. ಇದು ಬೆರಕೆಗಷ್ಟೇ ಸಂಬಂಧಿಸಿದ್ದಲ್ಲ. ರೇಷ್ಮೆಗೆ ಹಾಕುವ ಕೆಲವು ಬಣ್ಣಗಳ ಅಣುವಿನಲ್ಲೇ ಕ್ರೋಮಿಯಂ ಇರುತ್ತದೆ. ಇಳಕಲ್ ಸೀರೆಯ ಸೆರಗು ರೇಷ್ಮೆಯದು. ಅಂತಹ ಬಣ್ಣದ ನೀರಿಗೆ ಯಾವ ಮ್ಯಾಂಗನೀಸ್ ಪುಡಿಯನ್ನೂ ಹಾಕಬೇಡಿ. ಬಣ್ಣದ ಡಬ್ಬಿಯ ಮೇಲೆ ಮೆಟಲ್ ಕಾಂಪ್ಲೆಕ್ಸ್ ಎಂದಿದ್ದರೆ ಮೊದಲು ಅದರಲ್ಲಿರುವ ಲೋಹ ಯಾವುದೆಂದು ಮಾರಿದವರನ್ನು ಕೇಳಿ.

ಮಾಳಿಗೆಯ ಮೇಲೆ ನಾಲ್ಕು ತಟ್ಟೆ

ಯಾವುದನ್ನೇ ಆರಿಸಿ, ಒಂದೇ ಬಿಸಿಲಿನಲ್ಲಿ ನಾಲ್ಕು ತಟ್ಟೆ ಇಟ್ಟು ನೋಡದೆ ನಂಬಬೇಡಿ. ಮೊದಲನೆಯದರಲ್ಲಿ ಬರೀ ಬಣ್ಣದ ನೀರು. ಎರಡನೆಯದರಲ್ಲಿ ಲೋಹ ಬೆರೆಸದ ಪುಡಿ. ಮೂರನೆಯದರಲ್ಲಿ ಬೆರೆಸಿದ್ದು. ನಾಲ್ಕನೆಯದರಲ್ಲೂ ಬೆರೆಸಿದ್ದೇ, ಆದರೆ ತಟ್ಟೆಯನ್ನು ಅಲ್ಯುಮಿನಿಯಂ ಹಾಳೆಯಿಂದ ಪೂರ್ತಿ ಸುತ್ತಿ ಅದೇ ಬಿಸಿಲಿನಲ್ಲಿ ಇಡಬೇಕು. ಕಪ್ಪು ಪುಡಿ ಬಿಸಿಲಿಗೆ ಕಾಯುತ್ತದೆ, ಕಾದ ನೀರಿನಲ್ಲಿ ಕತ್ತಲೆಯ ಉತ್ಕರ್ಷಣವೂ ಚುರುಕಾಗುತ್ತದೆ. ಹಾಗಾಗಿ ನಾಲ್ಕನೆಯ ತಟ್ಟೆಯನ್ನು ಬೀರುವಿನೊಳಗೆ ತಣ್ಣಗೆ ಇಟ್ಟು ‘ಕತ್ತಲೆಯಲ್ಲಿ ಏನೂ ಆಗಲಿಲ್ಲ’ ಎಂದು ಬರೆಯುವುದು ತಪ್ಪು. ಎಲ್ಲ ತಟ್ಟೆಗಳಲ್ಲೂ ಉಷ್ಣಮಾಪಕ ಇಟ್ಟು, ವ್ಯತ್ಯಾಸವಿದ್ದರೆ ಸುತ್ತಿದ ತಟ್ಟೆಯನ್ನು ಬಿಸಿನೀರಿನ ಮೇಲೆ ಕೂರಿಸಿ ಸಮ ಮಾಡಿ.

ನೀರಿನ ಆಳ ಎರಡು ಮೂರು ಸೆಂಟಿಮೀಟರ್ ಮೀರದಿರಲಿ. ಪುಡಿ ಲೀಟರಿಗೆ ಅರ್ಧ ಗ್ರಾಂನಿಂದ ಶುರುವಾಗಲಿ. ಹೆಚ್ಚು ಹಾಕಿದರೆ ಮೇಲಿನ ಕಣಗಳೇ ಬೆಳಕಿಗೆ ಅಡ್ಡ ಬರುತ್ತವೆ. ಅರ್ಧ ಗಂಟೆ ಕತ್ತಲೆಯಲ್ಲಿ ಕಲಕಿ, ಪುಡಿ ಹೀರಿಕೊಳ್ಳುವುದೆಲ್ಲ ಹೀರಿಕೊಂಡ ಮೇಲಿನ ಬಣ್ಣವನ್ನೇ ಶೂನ್ಯ ಹೊತ್ತಿನ ಬಣ್ಣವೆಂದು ಹಿಡಿಯಿರಿ. ಬಣ್ಣ ಕಡಿಮೆಯಾಗುವ ದರದ ಸ್ಥಿರಾಂಕ ನಿಮಿಷಕ್ಕೆ 0.02 ಬಂದಿತು ಎನ್ನೋಣ: ಅರ್ಧ ಬಣ್ಣ ಹೋಗಲು 35 ನಿಮಿಷ, ಶೇಕಡಾ 90 ಹೋಗಲು 115 ನಿಮಿಷ. ಬಣ್ಣದ ಕೆಲಸದವರಿಗೆ ಹೇಳುವಾಗ ದರದ ಸ್ಥಿರಾಂಕ ಹೇಳಬೇಡಿ, ಈ ಎರಡನೆಯ ಸಂಖ್ಯೆ ಹೇಳಿ.

ಬಣ್ಣ ಹೋಯಿತೆಂದು ಅಲ್ಲಿಗೇ ನಿಲ್ಲಿಸುವಂತಿಲ್ಲ ಎಂಬುದನ್ನು ಎರಡು ಕ್ಯಾನಿನ ಕಥೆಯೇ ಹೇಳಿದೆ. ಸಿಓಡಿ, ಅಂದರೆ ನೀರಿನಲ್ಲಿರುವ ಸಾವಯವ ವಸ್ತುಗಳನ್ನು ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಪ್ರಮಾಣ, ಅಳೆಯಿರಿ, ಹೊರಬಿಡುವ ನೀರಿಗೆ ಮಿತಿ ಲೀಟರಿಗೆ 250 ಮಿಲಿಗ್ರಾಂ. ಉಪ್ಪಿನ ನೀರಿನಲ್ಲಿ ಕ್ಲೋರೈಡ್ ಸಿಓಡಿಯನ್ನು ಏರಿಸಿ ತೋರಿಸುತ್ತದೆ, ಆ ತಿದ್ದುಪಡಿ ಮರೆಯಬೇಡಿ. ಮ್ಯಾಂಗನೀಸ್ ಅಳೆಯಿರಿ, ಹೊರಬಿಡುವ ನೀರಿಗೆ ಮಿತಿ 2 ಮಿಲಿಗ್ರಾಂ, ಕುಡಿಯುವ ನೀರಿಗೆ ಭಾರತೀಯ ಮಾನಕ 10500 ಒಪ್ಪುವುದು 0.1. ಮೇಲೆ ಹೇಳಿದ ಪೆರಿಯೋಡೇಟ್ ಪರೀಕ್ಷೆಗೆ ದುಬಾರಿ ಯಂತ್ರ ಬೇಕಿಲ್ಲ, 525 ನ್ಯಾನೊಮೀಟರಿನಲ್ಲಿ ಓದುವ ಸಾಧಾರಣ ಕಲರಿಮೀಟರ್ ಸಾಕು. ಕೊನೆಗೆ ಬಣ್ಣವಿಲ್ಲದ ಒಂದು ವಸ್ತುವಿನ ಮೇಲೂ, ಫೀನಾಲ್ ಅಥವಾ ಸ್ಯಾಲಿಸಿಲಿಕ್ ಆಮ್ಲದ ಮೇಲೂ, ಅದೇ ಪುಡಿಯನ್ನು ಪರೀಕ್ಷಿಸಿ. ಬಣ್ಣಗಳು ತಾವೇ ಬೆಳಕು ಹೀರಿ ಎಲೆಕ್ಟ್ರಾನ್ ಕೊಡಬಲ್ಲವು. ಬಣ್ಣವಿಲ್ಲದ ವಸ್ತು ಸುತ್ತಿದ ತಟ್ಟೆಗಿಂತ ಬಿಸಿಲಿನ ತಟ್ಟೆಯಲ್ಲಿ ಹೆಚ್ಚು ಒಡೆದರೆ ಮಾತ್ರ ಬೆಳಕಿನ ಕೆಲಸ ಪುಡಿಯದೆಂದು ಧೈರ್ಯವಾಗಿ ಹೇಳಬಹುದು.

ಮ್ಯಾಂಗನೀಸ್ ಬೇಡವಾದಾಗ

ನಾಲ್ಕನೆಯ ತಟ್ಟೆ ಮೂರನೆಯದರಷ್ಟೇ ಬಣ್ಣ ಕಳೆದರೆ ನಿಮಗೆ ಬಿಸಿಲು ಬೇಕಿಲ್ಲ. ಮ್ಯಾಂಗನೀಸ್ ಲೇಪಿಸಿದ ಮರಳಿನ ಸೋಸುಕಂಬ ಕಟ್ಟಿ, ಕೆಲಸ ಸುಲಭವಾಗುತ್ತದೆ. ನಿಜವಾಗಿ ರ‍್ಯಾಡಿಕಲ್‌ಗಳಿಂದಲೇ ಒಡೆಯಬೇಕಾದ ವಸ್ತುವಾದರೆ ಟೈಟಾನಿಯಂ ಡೈಆಕ್ಸೈಡ್ ಇನ್ನೂ ಹೆಚ್ಚು ನಂಬಿಕೆಯದು, ಬಿಸಿಲಿನ ನೂರರಲ್ಲಿ ಐದು ಪಾಲಿನಲ್ಲೇ ಕೆಲಸ ಮಾಡಿದರೂ ಸವೆಯುವುದಿಲ್ಲ. ಸತುವಿನ ಆಕ್ಸೈಡ್ ಅಷ್ಟೇ ಚುರುಕು, ಆದರೆ ಆಮ್ಲದಲ್ಲೂ ಪ್ರಬಲ ಕ್ಷಾರದಲ್ಲೂ ಕರಗುತ್ತದೆ.

ಸಕ್ಕರೆ ಕಾರ್ಖಾನೆಗಳ ಜೊತೆಗಿರುವ ಡಿಸ್ಟಿಲರಿಗಳ ಕಂದು ನೀರಿಗೆ ಇದನ್ನು ಬಳಸಬಹುದೇ ಎಂದು ಮುಧೋಳ, ಜಮಖಂಡಿ ಕಡೆಯ ಹುಡುಗರು ಕೇಳುತ್ತಾರೆ. ಆ ನೀರು ಎಷ್ಟು ದಟ್ಟವೆಂದರೆ ಬೆಳಕು ಅದರೊಳಗೆ ಇಳಿಯುವುದೇ ಇಲ್ಲ. ಸಾವಯವ ಹೊರೆಯೂ ವಿಪರೀತ. ಅದಕ್ಕೆ ಮೊದಲು ಸೂಕ್ಷ್ಮಜೀವಿಗಳ ಕೆಲಸ, ಬಯೋಗ್ಯಾಸ್ ಘಟಕ. ಬೆಳಕಿನ ಪುಡಿಗಳು ಲೀಟರಿಗೆ ಹತ್ತಿಪ್ಪತ್ತು ಮಿಲಿಗ್ರಾಂ ಬಣ್ಣ ಉಳಿದ ಕೊನೆಯ ತೊಳೆದ ನೀರಿಗೆ ಸರಿಯಾಗಿ ಹೊಂದುತ್ತವೆ.

ಮೊದಲ ಕಂತು ಮಾಡುವವರಿಗೆ

ಆಟೊಕ್ಲೇವ್ ಇಲ್ಲದ ಕಾಲೇಜಿನಲ್ಲೂ ಕಬ್ಬಿಣ ಬೆರೆಸಿದ ಆಲ್ಫಾ ಮಾಡಬಹುದು. ಮ್ಯಾಂಗನೀಸ್ ಸಲ್ಫೇಟ್ ಮೊನೊಹೈಡ್ರೇಟ್ 8.8 ಗ್ರಾಂ ತೆಗೆದುಕೊಂಡು 30 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, 3 ಮಿಲಿಲೀಟರ್ ಸಾಂದ್ರ ನೈಟ್ರಿಕ್ ಆಮ್ಲ ಸೇರಿಸಿ. ಶೇಕಡಾ 3ರ ಬೆರಕೆಗೆ ಫೆರಿಕ್ ನೈಟ್ರೇಟ್ ನೊನಾಹೈಡ್ರೇಟ್ ಸುಮಾರು 1.1 ಗ್ರಾಂ ಇದರಲ್ಲೇ ಕರಗಿಸಿ. ಪೊಟ್ಯಾಸಿಯಂ ಪರ್ಮಾಂಗನೇಟ್ 5.89 ಗ್ರಾಂ ಅನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ನಿಧಾನವಾಗಿ ಸುರಿಯಿರಿ. ನೇರಳೆ ಬಣ್ಣ ಮುಟ್ಟಿದಲ್ಲೆಲ್ಲ ಕಪ್ಪು ಕೆಸರಾಗುತ್ತದೆ. ರಿಫ್ಲಕ್ಸ್‌ನಲ್ಲಿ 24 ಗಂಟೆ ಕುದಿಸಿ, ಸೋಸಿ, ತೊಳೆದ ನೀರಿನ ಪಿಎಚ್ ಬದಲಾಗದೆ ನಿಲ್ಲುವವರೆಗೆ ತೊಳೆಯಿರಿ, 120 ಡಿಗ್ರಿಯಲ್ಲಿ ಒಣಗಿಸಿ. ಏಳೆಂಟು ಗ್ರಾಂ ಸಿಗುತ್ತದೆ. ಪರ್ಮಾಂಗನೇಟಿನ ಹರಳಿಗೆ ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ಎಂದೂ ತಾಗಿಸಬೇಡಿ, ಹುಟ್ಟುವ ಆಕ್ಸೈಡ್ ಸಿಡಿಯುತ್ತದೆ. ವಿವರ್ತನೆಯಲ್ಲಿ 12.8, 18.1, 28.8, 37.5 ಡಿಗ್ರಿಗಳ ಬಳಿ ಗೆರೆಗಳು ಬಂದರೆ ಆಲ್ಫಾ ಸಿಕ್ಕಿದೆ.

ಬಳಸಿದ ಪುಡಿಯನ್ನು ಒಣಗಿಸಿ ಡಬ್ಬಿಯಲ್ಲಿ ಕೂಡಿಡಿ, ತಿಪ್ಪೆಗೆ ಎಸೆಯಬೇಡಿ. ಹುಳಿಯಾದ ಗೊಬ್ಬರದಲ್ಲಿ ಅದು ಕರಗುತ್ತದೆ. ಸಾಕಷ್ಟು ಕೂಡಿದ ಮೇಲೆ ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಕಲಕಿ, ಆಕ್ಸಾಲಿಕ್ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಬಿಸಿಮಾಡಿದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಹೋಗಿ ಮ್ಯಾಂಗನೀಸ್ ಸಲ್ಫೇಟ್ ಉಳಿಯುತ್ತದೆ. ಕೊನೆಯಲ್ಲಿ ಒಂದು ಚಿಟಿಕೆ ಕಪ್ಪು ಪುಡಿ ಕರಗದೆ ಉಳಿಯುವಂತೆ ನೋಡಿಕೊಂಡರೆ ಆಕ್ಸಾಲಿಕ್ ಆಮ್ಲ ಮುಗಿದಿದೆ ಎಂದರ್ಥ. ಸೋಸಿದ ದ್ರಾವಣದಲ್ಲಿ ಮ್ಯಾಂಗನೀಸ್ ಎಷ್ಟಿದೆ ಎಂದು ಅಳೆದು ಮುಂದಿನ ಕಂತಿಗೆ ಬಳಸಿ. ಕಬ್ಬಿಣವೂ ಅದರಲ್ಲೇ ಇರುವುದರಿಂದ ಆ ಸಲ ಫೆರಿಕ್ ನೈಟ್ರೇಟ್ ಕಡಿಮೆ ಹಾಕಿದರೆ ಸಾಕು.